ಗಣಿವಿದ್ಯೆಯ ಗುರಿ

ನೆಲವನ್ನು ತೋಡಿ ಲೋಹವನ್ನು ತೆಗೆಯುವುದು ಮನುಷ್ಯನ ಅತಿ ಪ್ರಾಚೀನವಾದ ಕಸುಬುಗಳಲ್ಲಿ ಒಂದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನಮ್ಮ ಪೂರ್ವಿಕರು ಚಿನ್ನವನ್ನರಸಿ ೬೦೦ ಅಡಿಗೂ ಕೆಳಕ್ಕೆ ಇಳಿದಿದ್ದರು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಯಿಸುವ ಉಪಾಯವು ಅವರಿಗೆ ತಿಳಿದಿದ್ದಿತು. ಯಾವ ವಿಶ್ವವಿದ್ಯಾನಿಲಯವೂ ಅವರಿಗೆ ಅದನ್ನು ಕಲಿಸಿರಲಿಲ್ಲ. ಹೀಗಿರುವಲ್ಲಿ, ಗುದ್ದಲಿ ಹಾರೆಗಳ ಕೆಲಸಕ್ಕೆ ಗ್ರಂಥಗಳೇಕೆ, ಪ್ರಾಧ್ಯಾಪಕರೇಕೆ, ಪದವಿಯೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಬಿಡುವಂತಿಲ್ಲ. ಕಾವ್ಯ, ತರ್ಕ, ಗಣಿತಗಳ ಪಕ್ಕದಲ್ಲಿ ಗಣಿಗಾರಿಕೆಗೂ ಒಂದು ಪೀಠವನ್ನು ಹಾಕಿಕೊಟ್ಟವರು ಯಾವ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು? ಆ ಗುರಿಯು ಎಷ್ಟು ಮಟ್ಟಿಗೆ ಈಡೇರಿತು? ಇವನ್ನು ಈ ಹೊತ್ತು ಕೊಂಚ ವಿಚಾರ ಮಾಡೋಣ.

ಐರೋಪ್ಯ ದೇಶಗಳಲ್ಲಿ ಈ ವಿದ್ಯೆಯ ಮೊದಲ ಮಹಾಗ್ರಂಥವನ್ನು ಬರೆದವನು ಗಣಿಗಾರನಲ್ಲ, ವೈದ್ಯ. ಬೊಹೀಮಿಯಾ ದೇಶದ ಯೋಆಕಿಮ್ಸ್‌ತಾಲ್ ಎಂಬ ಬೆಳ್ಳಿಗಣಿಯ ಊರಿನಲ್ಲಿ ವೈದ್ಯನಾಗಿದ್ದ ಗೆಯೋರ್ಗ್ ಅಗ್ರಿಕೋಲನೇ ಆತ. ಹನ್ನೆರಡು ಭಾಗಗಳುಳ್ಳ ಅವನ ಲ್ಯಾಟಿನ್ ಗ್ರಂಥವು, ಅವನು ತೀರಿಕೊಂಡ ಮರುವರ್ಷ, ೧೫೫೬ರಲ್ಲಿ ಪ್ರಕಟವಾಯಿತು. ಗಣಿಯ ಕೆಲಸವು ಕೇವಲ ಮೈದುಡಿಮೆಯಲ್ಲ. ಅಳತೆ, ಲೆಕ್ಕ, ಕಟ್ಟಡದ ಕೆಲಸ, ಚಿತ್ರ, ವೈದ್ಯ, ನ್ಯಾಯ ಇವೆಲ್ಲವೂ ಗಣಿಗಾರನಿಗೆ ಬೇಕು ಎಂಬುದು ಅವನ ವಾದ. ವೈದ್ಯವೇಕೆಂದರೆ, ಬಂಡೆಯ ಧೂಳು ಮನುಷ್ಯನ ಎದೆಯನ್ನು ತಿನ್ನುವುದನ್ನು ಅವನು ಬಲ್ಲವನಾಗಿದ್ದನು. ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಏಳು ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಕ್ಷಯಕ್ಕೆ ಕಳೆದುಕೊಂಡ ಹೆಂಗಸರಿದ್ದಾರೆಂದು ಅವನು ಬರೆದಿಟ್ಟಿದ್ದಾನೆ. ಗಣಿವಿದ್ಯೆಯ ಮೊದಲ ಪುಟಗಳಲ್ಲಿಯೇ ಅದಿರಿನ ಮಾತಿನೊಡನೆ ಸಾವಿನ ಮಾತೂ ಸೇರಿಕೊಂಡಿತ್ತೆಂಬುದನ್ನು ನಾವು ಗಮನಿಸಬೇಕು.

ಗ್ರಂಥವು ಶಾಲೆಯಾಗುವುದಕ್ಕೆ ಇನ್ನೂ ಇನ್ನೂರು ವರ್ಷಗಳು ಹಿಡಿದುವು. ಜರ್ಮನಿಯ ಸ್ಯಾಕ್ಸನಿ ಸಂಸ್ಥಾನದ ಫ್ರೈಬರ್ಗ್ ಪಟ್ಟಣದ ಬಳಿ ೧೧೬೮ರ ಸುಮಾರಿಗೆ ಬೆಳ್ಳಿ ಸಿಕ್ಕಿತ್ತು. ಸಂಸ್ಥಾನದ ಐಶ್ವರ್ಯಕ್ಕೆ ಆ ಬೆಳ್ಳಿಯೇ ಬೇರು. ೧೭೫೬ರಿಂದ ೧೭೬೩ರ ವರೆಗೆ ನಡೆದ ಏಳು ವರ್ಷಗಳ ಯುದ್ಧದಲ್ಲಿ ಸ್ಯಾಕ್ಸನಿಯು ಹಾಳಾಗಿ, ಬೊಕ್ಕಸವು ಬರಿದಾಯಿತು. ಆಗ ಗಣಿ ಇಲಾಖೆಯ ಹಿರಿಯ ಅಧಿಕಾರಿಗಳಾಗಿದ್ದ ಓಪೆಲ್ ಮತ್ತು ಹೈನಿಟ್ಸ್ ಎಂಬಿಬ್ಬರು ಒಂದು ಯೋಜನೆಯನ್ನು ಮುಂದಿಟ್ಟರು. ರಾಜಪ್ರತಿನಿಧಿಯಾಗಿದ್ದ ಸೇವಿಯರ್ ರಾಜಕುಮಾರನು ಅದಕ್ಕೆ ಒಪ್ಪಿಗೆಯಿತ್ತನು. ೧೭೬೫ರಲ್ಲಿ ಫ್ರೈಬರ್ಗಿನ ಗಣಿವಿದ್ಯಾಪೀಠವು ಹೀಗೆ ಹುಟ್ಟಿತು. ಹಣವಿಲ್ಲದ ಕಾಲದಲ್ಲಿ ಸರಕಾರವೊಂದು ಶಾಲೆಗೆ ಹಣ ಹಾಕಿದುದು ಅಚ್ಚರಿಯ ಸಂಗತಿಯಾದರೂ ಅದರಲ್ಲಿ ವಿವೇಕವಿತ್ತು. ಮೇಲ್ಪದರದ ಅದಿರು ಮುಗಿದಿತ್ತು. ಆಳದ ಅದಿರನ್ನು ತೆಗೆಯಲು ಊಹೆ ಸಾಲದು, ಶಾಸ್ತ್ರ ಬೇಕಾಗಿದ್ದಿತು.

ಅಲ್ಲಿನ ಪಾಠಕ್ರಮದ ವೈಶಿಷ್ಟ್ಯವೆಂದರೆ ಕೊಠಡಿಯ ಪಾಠವನ್ನೂ ಗಣಿಯ ಕೆಲಸವನ್ನೂ ಬೇರ್ಪಡಿಸದಿದ್ದುದು. ಗಣಿತ, ಲೋಹರಸಾಯನ, ಅದಿರಿನ ಪರೀಕ್ಷೆ, ಗಣಿಯಳತೆ, ನಕ್ಷೆ ಬರೆಯುವುದು ಇವನ್ನು ಕಲಿಯುವ ವಿದ್ಯಾರ್ಥಿಯು ಸುತ್ತಿಗೆ ಉಳಿಗಳನ್ನು ಹಿಡಿದು ಬಾವಿಗೂ ಇಳಿಯಬೇಕಾಗಿತ್ತು. ೧೭೭೫ರಿಂದ ೧೮೧೭ರ ವರೆಗೆ ಅಲ್ಲಿ ಪಾಠ ಹೇಳಿದ ಅಬ್ರಹಾಮ್ ವೆರ್ನರನ ಕೀರ್ತಿಯು ದೇಶದೇಶಗಳ ಯುವಕರನ್ನು ಸೆಳೆಯಿತು. ಬಂಡೆಗಳೆಲ್ಲ ಆದಿಸಮುದ್ರದ ನೀರಿನಿಂದ ಕೆಳಗಿಳಿದು ಗಟ್ಟಿಯಾದವು ಎಂಬುದು ಆತನ ಸಿದ್ಧಾಂತ. ಅದು ತಪ್ಪೆಂದು ಮುಂದೆ ತೋರಿಸಿಕೊಟ್ಟವರಲ್ಲಿ ಅವನ ಶಿಷ್ಯನಾದ ಫಾನ್ ಬುಖನೂ ಒಬ್ಬ. ಅಗ್ನಿಪರ್ವತಗಳನ್ನು ಕಣ್ಣಾರೆ ನೋಡಿದ ಮೇಲೆ ಗುರುವಿನ ಮತವನ್ನು ಆತ ಬಿಟ್ಟುಕೊಟ್ಟನು. ಗುರುವು ಕಲಿಸಿದ ನೋಟದಿಂದಲೇ ಗುರುವನ್ನು ಮೀರುವುದು ಆ ಶಾಲೆಗೆ ಕುಂದಲ್ಲ, ಹಿರಿಮೆ.

ಆ ಶಾಲೆಯಲ್ಲಿ ೧೭೯೧ರಲ್ಲಿ ಸೇರಿದ ಅಲೆಕ್ಸಾಂಡರ್ ಫಾನ್ ಹಂಬೋಲ್ಟನ ವೃತ್ತಾಂತವು ನಮ್ಮ ವಿಷಯಕ್ಕೆ ಮುಖ್ಯವಾದುದು. ಬೆಳಿಗ್ಗೆ ಗಣಿಯೊಳಗೆ, ಮಧ್ಯಾಹ್ನ ಪಾಠದಲ್ಲಿ, ಹೀಗೆ ಒಂದು ವರ್ಷಕ್ಕೂ ಕಡಿಮೆ ಕಾಲ ಕಲಿತು ಆತ ಪ್ರಷ್ಯಾದ ಗಣಿ ಅಧಿಕಾರಿಯಾದನು. ಕೆಳಗೆ ದುಡಿಯುವವರಿಗೆ ತಾವು ಮಾಡುವ ಕೆಲಸದ ಕಾರಣವೇ ತಿಳಿಯದೆಂಬುದನ್ನು ಕಂಡು, ೧೭೯೩ರಲ್ಲಿ ಸ್ಟೇಬೆನ್ ಎಂಬ ಹಳ್ಳಿಯಲ್ಲಿ ತನ್ನ ಕೈಯಿಂದಲೇ ಹಣ ಕೊಟ್ಟು, ಗಣಿಯ ಆಳುಗಳಿಗಾಗಿ ಒಂದು ಉಚಿತ ಶಾಲೆಯನ್ನು ತೆರೆದನು. ಕೆಟ್ಟ ಗಾಳಿಯಲ್ಲಿ ಉರಿಯುವ ದೀಪವನ್ನೂ ಉಸಿರಾಟಕ್ಕೆ ನೆರವಾಗುವ ಉಪಕರಣವನ್ನೂ ಕಲ್ಪಿಸಿ, ದೀಪದ ಪರೀಕ್ಷೆಗೆ ತಾನೇ ಇಳಿದನು. ಒಮ್ಮೆ ಪ್ರಜ್ಞೆತಪ್ಪಿ ಬಿದ್ದವನನ್ನು ಜೊತೆಯವರು ಹೊರಕ್ಕೆ ಎಳೆದು ತಂದರು. ಗಣಿವಿದ್ಯೆಯನ್ನು ಕಲಿತವನ ಕರ್ತವ್ಯವು ಅದಿರನ್ನು ಮೇಲಕ್ಕೆ ತರುವುದರಲ್ಲಿ ಮುಗಿಯುವುದಿಲ್ಲ, ಇಳಿದವರನ್ನು ಮೇಲಕ್ಕೆ ತರುವುದೂ ಅದರಲ್ಲಿ ಸೇರಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಬೇಕಿಲ್ಲ.

ಪ್ಯಾರಿಸ್ಸಿನಲ್ಲಿ ೧೭೮೩ರಲ್ಲಿಯೂ, ಲಂಡನ್ನಿನಲ್ಲಿ ೧೮೫೧ರಲ್ಲಿಯೂ ಗಣಿಶಾಲೆಗಳು ಸ್ಥಾಪಿತವಾದುವು. ಭರತಖಂಡದಲ್ಲಿ ಮಾತ್ರ ಗಣಿ ಬಹಳ ಮುಂಚೆ ಬಂದಿತು, ವಿದ್ಯೆ ಬಹಳ ತಡವಾಗಿ ಬಂದಿತು. ರಾಣಿಗಂಜ್ ಪ್ರಾಂತದಲ್ಲಿ ಕಲ್ಲಿದ್ದಲನ್ನು ತೆಗೆಯುವ ಉದ್ಯಮವು ೧೭೭೪ರಲ್ಲಿ ಮೊದಲಾಯಿತು. ಆದರೆ ಒಂದು ಶತಮಾನಕ್ಕೂ ಮೀರಿ, ತೋಡುವವರು ಈ ದೇಶದವರು, ತೋಡಿಸುವವರು ಬಹುಮಟ್ಟಿಗೆ ಪರದೇಶದವರು ಎಂಬುದೇ ವ್ಯವಸ್ಥೆಯಾಗಿದ್ದಿತು. ೧೯೦೧ರ ಗಣಿ ಕಾನೂನು ತನಿಖಾಧಿಕಾರಿಗಳನ್ನು ನೇಮಿಸಿತು. ಗಣಿಗೆ ಹೊಣೆಗಾರನಾದ ವ್ಯವಸ್ಥಾಪಕನು ಇರಬೇಕೆಂಬ ನಿಯಮವೂ ಬೇರೂರಿತು. ಆ ಹೊಣೆಯನ್ನು ಹೊರುವ ಯೋಗ್ಯತೆಯನ್ನು ಭಾರತೀಯನು ಎಲ್ಲಿ ಸಂಪಾದಿಸಬೇಕು? ಲಂಡನ್ನಿನ ಶಾಲೆಯ ಮಾದರಿಯಲ್ಲಿ ಈ ದೇಶದಲ್ಲಿಯೇ ಗಣಿ ಕಾಲೇಜು ಬೇಕೆಂದು ಅದೇ ೧೯೦೧ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನವು ಕೇಳಿತು. ಧನಬಾದಿನಲ್ಲಿ ಆ ಶಾಲೆಯು ತೆರೆದದ್ದು ೧೯೨೬ರ ಡಿಸೆಂಬರಿನಲ್ಲಿ. ಒಂದು ಬೇಡಿಕೆ ಕಟ್ಟಡವಾಗಲು ಇಪ್ಪತ್ತೈದು ವರ್ಷ!

ಈ ನಡುವೆ ಕಾಶಿಯಲ್ಲಿ ಇನ್ನೊಂದು ಪ್ರಯತ್ನವು ನಡೆದಿತ್ತು. ೧೯೧೬ರಲ್ಲಿ ಸ್ಥಾಪಿತವಾದ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು ನಮ್ಮ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರೆಂಬುದು ನಮ್ಮ ಜನಕ್ಕೆ ಹೆಮ್ಮೆಯ ಸಂಗತಿ. ಅದರ ಸ್ಥಾಪಕರಾದ ಪಂಡಿತ ಮದನಮೋಹನ ಮಾಳವೀಯರವರು ಕೈಗಾರಿಕಾ ಆಯೋಗದ ಸದಸ್ಯರಾಗಿದ್ದು, ಅದರ ವರದಿಗೆ ಭಿನ್ನಾಭಿಪ್ರಾಯವನ್ನು ಬರೆದು ಸೇರಿಸಿದವರು. ಧರ್ಮಶಾಸ್ತ್ರಗಳ ಅಧ್ಯಯನವನ್ನು ಹೇಳಿದ ಉದ್ದೇಶಪತ್ರದಲ್ಲಿಯೇ, ಕೈಕೆಲಸದ ಶಿಕ್ಷಣವನ್ನೊಳಗೊಂಡ ವಿಜ್ಞಾನ ಮತ್ತು ತಾಂತ್ರಿಕ ವಿದ್ಯೆಯನ್ನು ಹರಡಿ, ದೇಶದ ಸಂಪತ್ತನ್ನು ಬೆಳಸಬೇಕೆಂಬ ಉದ್ದೇಶವನ್ನೂ, ಶೀಲವನ್ನು ರೂಪಿಸಬೇಕೆಂಬ ಉದ್ದೇಶವನ್ನೂ ಅವರು ಜೊತೆಗೂಡಿಸಿದರು. ೧೯೨೩ರಲ್ಲಿ ಅಲ್ಲಿ ಗಣಿ ಮತ್ತು ಲೋಹವಿದ್ಯೆಗಳ ವಿಭಾಗವು ಪ್ರಾರಂಭವಾಯಿತು. ವೇದಾಂತದ ಊರಿನಲ್ಲಿ ಗಣಿಯ ಪಾಠವೇ ಎಂದು ನಕ್ಕವರಿದ್ದರೆ, ಅವರು ಆ ಉದ್ದೇಶಪತ್ರವನ್ನು ಓದಿರಲಾರರು. ಶೀಲಕ್ಕೆ ಗಣಿಯಲ್ಲಿರುವಷ್ಟು ಕಠಿಣವಾದ ಪರೀಕ್ಷೆಯು ಬೇರೆ ವೃತ್ತಿಗಳಲ್ಲಿ ಅಪೂರ್ವ. ಮಾಡನ್ನು ತಾಳುವ ಒಂದು ಕಂಬವನ್ನು ಉಳಿಸುವುದೋ, ಅದರಲ್ಲಿರುವ ಅದಿರಿಗಾಗಿ ತೆಗೆಯುವುದೋ ಎಂಬ ನಿರ್ಣಯವು ನೂರಾರು ಮನೆಗಳ ದೀಪಕ್ಕೆ ಸಂಬಂಧಿಸಿದುದು.

ಶಾಸ್ತ್ರವಿಲ್ಲದೆ ಆಳಕ್ಕೆ ಇಳಿಯಲಾಗದೆಂಬುದಕ್ಕೆ ನಮ್ಮ ಕೋಲಾರವೇ ದೊಡ್ಡ ಪಾಠ. ೧೮೮೦ರಿಂದ ಜಾನ್ ಟೇಲರ್ ಮನೆತನದ ಆಡಳಿತದಲ್ಲಿ ಬೆಳೆದು, ೧೯೦೨ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನು ಪಡೆದ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದುವು. ಅಷ್ಟು ಕೆಳಗೆ ಬಂಡೆಯೇ ಕೆಂಡದಂತೆ ಕಾದಿರುತ್ತದೆ. ಮೇಲಿನ ಭಾರವನ್ನು ತಾಳಲಾರದೆ ಅದು ಒಮ್ಮೊಮ್ಮೆ ತಾನಾಗಿ ಸಿಡಿಯುತ್ತದೆ. ಈ ಸಿಡಿತಕ್ಕೆ ಬಲಿಯಾದವರು ಅನೇಕರು. ಸಿಡಿಯುವ ಬಂಡೆಯ ಸ್ವಭಾವವನ್ನು ತಿಳಿಯುವ ಪ್ರಯತ್ನದಿಂದಲೇ ಅಲ್ಲಿ ಒಂದು ಶಾಸ್ತ್ರಸಂಪ್ರದಾಯ ಬೆಳೆಯಿತು. ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ೧೯೮೮ರಲ್ಲಿ ಕೋಲಾರದ ಗಣಿಪ್ರದೇಶದಲ್ಲಿಯೇ ಸ್ಥಾಪಿತವಾದುದು ಉಚಿತವಾಗಿದೆ.

ಆದರೆ ವಿದ್ಯೆಯು ಇದ್ದ ಮಾತ್ರಕ್ಕೆ ಕಾಪಾಡುವುದಿಲ್ಲ. ೧೯೭೫ರ ಡಿಸೆಂಬರ್ ೨೭ರಂದು ಧನಬಾದಿನ ಸೀಮೆಯಲ್ಲಿರುವ ಚಾಸ್‌ನಾಲಾ ಕಲ್ಲಿದ್ದಲ ಗಣಿಯೊಳಕ್ಕೆ, ಹಳೆಯ ಗಣಿಭಾಗದಲ್ಲಿ ತುಂಬಿ ನಿಂತಿದ್ದ ನೀರು ನುಗ್ಗಿ, ೩೭೦ಕ್ಕೂ ಹೆಚ್ಚು ಮಂದಿ ಮಡಿದರು. ನೀರು ನಿಂತ ಜಾಗಕ್ಕೂ ಕೆಲಸ ನಡೆಯುವ ಜಾಗಕ್ಕೂ ನಡುವೆ ಎಷ್ಟು ದಪ್ಪದ ಗೋಡೆಯನ್ನು ಬಿಡಬೇಕೆಂಬುದು ಗಣಿಯಳತೆಯ ವಿಷಯ. ಫ್ರೈಬರ್ಗಿನಲ್ಲಿ ಮೊದಲಿನಿಂದಲೂ ಕಲಿಸುತ್ತ ಬಂದ ವಿಷಯ. ದೇಶದ ಹಿರಿಯ ಗಣಿಶಾಲೆಯಿದ್ದ ಸೀಮೆಯಲ್ಲಿಯೇ ಇದು ನಡೆಯಿತೆಂಬುದನ್ನು ನೆನೆದಾಗ, ಶಾಲೆಯ ಅರಿವು ಗಣಿಯ ತಳದ ವರೆಗೆ ಇಳಿಯದಿದ್ದರೆ ಏನಾಗುವುದೆಂಬುದು ಮನಸ್ಸಿಗೆ ನಾಟುತ್ತದೆ.

ಕಾಲವು ಈ ವಿದ್ಯೆಗೆ ಮತ್ತೊಂದು ಕರ್ತವ್ಯವನ್ನೂ ಸೇರಿಸಿದೆ. ಫ್ರೈಬರ್ಗಿನ ಬೆಳ್ಳಿಗಣಿಗಳು ೧೯೬೯ರಲ್ಲಿ ಮುಚ್ಚಿದುವು, ವಿದ್ಯಾಪೀಠವು ಮುಚ್ಚಲಿಲ್ಲ. ಹಳೆಯ ಗಣಿಯೊಂದನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಅದು ಉಳಿಸಿಕೊಂಡಿದೆ. ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ನಿಂತುವು. ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಪುಡಿಯ ಬೂದುಬಣ್ಣದ ಗುಡ್ಡಗಳನ್ನು ಊರಿನವರು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಗಾಳಿಯ ಕಾಲದಲ್ಲಿ ಆ ಧೂಳು ಮನೆಗಳ ಮೇಲೆ ಹಾರುತ್ತದೆ. ಗಣಿಯನ್ನು ತೆರೆಯುವುದು ಹೇಗೆಂಬುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ, ಅದನ್ನು ಮುಚ್ಚುವುದು ಹೇಗೆಂಬುದನ್ನೂ ಕಲಿಸಬೇಕಾದ ದಿನಗಳಿವು.

ಮೊದಲು ಕೇಳಿದ ಪ್ರಶ್ನೆಗೆ ಈಗ ನಾವು ಉತ್ತರವನ್ನು ಹೇಳಬಹುದು. ನೆಲವನ್ನು ತೋಡುವ ಕೈಚಳಕವನ್ನು ಕಲಿಯಲು ವಿಶ್ವವಿದ್ಯಾನಿಲಯವು ಬೇಕಿಲ್ಲ. ಹಟ್ಟಿಯವರು ಅದಿಲ್ಲದೆಯೇ ಕಲಿತರು. ತೋಡಿದುದಕ್ಕೆ ಲೆಕ್ಕ ಕೊಡುವುದನ್ನು ಕಲಿಯಲು ಅದು ಬೇಕು. ಎಷ್ಟು ಅದಿರು ಬಂತೆಂಬ ಲೆಕ್ಕ, ಬೆಳಿಗ್ಗೆ ಇಳಿದವರೆಲ್ಲರೂ ಸಂಜೆಗೆ ಬಂದರೇ ಎಂಬ ಲೆಕ್ಕ, ನೆಲವನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋದೆವೆಂಬ ಲೆಕ್ಕ, ಈ ಮೂರನ್ನೂ ಒಬ್ಬನೇ ಕೊಡುವಂತೆ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವುದು ಗಣಿವಿಭಾಗದ ಕೆಲಸ. ಮೊದಲನೆಯದನ್ನು ಒಡೆಯರು ಕೇಳಿಯೇ ಕೇಳುತ್ತಾರೆ. ಉಳಿದೆರಡನ್ನು ಕೇಳುವವರು ನಾವಾಗಬೇಕು.