ಸ್ಕೈರಿಮ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಿಡಿಯೋ ಗೇಮ್ ಮಾರುಕಟ್ಟೆಯಲ್ಲಿ ಬಹುತೇಕ ಆಟಗಳ ಆಯುಸ್ಸು ಒಂದೆರಡು ವರ್ಷ ಮಾತ್ರ. ಹೊಸದು ಬಂದೊಡನೆ ಹಳೆಯದು ಮೂಲೆ ಸೇರುತ್ತದೆ. ಈ ನಿಯಮಕ್ಕೆ ಅಪವಾದವಾಗಿರುವ ಕೆಲವೇ ಆಟಗಳಲ್ಲಿ ‘ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್’ ಒಂದು. ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಸಂಸ್ಥೆ ರೂಪಿಸಿದ ಈ ಆಟ 2011ರ ನವೆಂಬರ್ 11ರಂದು ಬಿಡುಗಡೆಯಾಯಿತು. ಅದರ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ನಿರ್ದೇಶಕ ಟಾಡ್ ಹೋವರ್ಡ್ 2023ರಲ್ಲಿ ತಿಳಿಸಿದ್ದರು. ಸರಣಿಯ ಆರನೆಯ ಆಟವನ್ನು 2018ರಲ್ಲಿಯೇ ಘೋಷಿಸಲಾಗಿದ್ದರೂ ಅದಿನ್ನೂ ಮಾರುಕಟ್ಟೆಗೆ ಬಂದಿಲ್ಲ. ಹೀಗಾಗಿ ಹೊಸ ಆಟಗಾರರು ಈಗಲೂ ಸ್ಕೈರಿಮ್‌ನತ್ತಲೇ ನೋಡುತ್ತಿದ್ದಾರೆ.

ಇಷ್ಟು ಹಳೆಯ ಆಟಕ್ಕೆ ಇಂದು ಹಣ ತೆರಬಹುದೇ ಎಂಬುದು ಅವರ ಮುಂದಿರುವ ಪ್ರಶ್ನೆ. ಒಂದೇ ಆಟ ಬೇರೆ ಬೇರೆ ಹೆಸರುಗಳಲ್ಲಿ ಹಲವು ಬಾರಿ ಮಾರುಕಟ್ಟೆಗೆ ಬಂದಿರುವುದರಿಂದ ಯಾವುದನ್ನು ಕೊಳ್ಳಬೇಕು ಎಂಬ ಗೊಂದಲವೂ ಜೊತೆಗಿದೆ. ಆದರೆ ಈ ಬಗೆಯ ಆಟದಲ್ಲಿ ಗ್ರಾಹಕ ತೆರುವ ದೊಡ್ಡ ಬೆಲೆ ಹಣವಲ್ಲ, ಸಮಯ. ತೀರ್ಮಾನವೂ ಅದನ್ನೇ ಆಧರಿಸಬೇಕಾಗುತ್ತದೆ.

ಏನಿದು ಆಟ?

‘ಓಪನ್ ವರ್ಲ್ಡ್’ ಎಂದರೆ ಆಟಗಾರ ಯಾವ ದಿಕ್ಕಿಗೆ ಬೇಕಾದರೂ, ಯಾವಾಗ ಬೇಕಾದರೂ ಹೋಗಬಹುದಾದ ವಿಶಾಲ ಕಾಲ್ಪನಿಕ ಪ್ರದೇಶ. ‘ರೋಲ್ ಪ್ಲೇಯಿಂಗ್’ ಎಂದರೆ ಒಂದು ಪಾತ್ರವನ್ನು ಸೃಷ್ಟಿಸಿಕೊಂಡು, ಅದರ ಶಕ್ತಿ ಸಾಮರ್ಥ್ಯಗಳನ್ನು ಹಂತಹಂತವಾಗಿ ಬೆಳೆಸುತ್ತ ಆಡುವ ಬಗೆ. ಸ್ಕೈರಿಮ್‌ನಲ್ಲಿ ಇವೆರಡೂ ಸೇರಿವೆ.

ಹಿಮ ಮುಸುಕಿದ ಪರ್ವತಗಳ ನಾಡು ಸ್ಕೈರಿಮ್. ಅಲ್ಲಿ ಒಂಬತ್ತು ಆಡಳಿತ ಪ್ರಾಂತ್ಯಗಳಿವೆ. ಸಾಮ್ರಾಜ್ಯದ ಸೇನೆಗೂ ಬಂಡುಕೋರರಿಗೂ ಅಂತರ್ಯುದ್ಧ ನಡೆದಿದೆ. ಮರಣದಂಡನೆಗೆ ಗುರಿಯಾದ ಕೈದಿಯಾಗಿ ಆಟಗಾರನ ಕಥೆ ಆರಂಭವಾಗುತ್ತದೆ. ತಲೆ ಉರುಳಬೇಕಾದ ಗಳಿಗೆಯಲ್ಲಿ ಡ್ರ್ಯಾಗನ್ ಒಂದು ಎರಗಿ ಊರನ್ನೇ ಸುಟ್ಟುಹಾಕುತ್ತದೆ; ಆ ಗದ್ದಲದಲ್ಲಿ ಕೈದಿ ಪಾರಾಗುತ್ತಾನೆ. ಡ್ರ್ಯಾಗನ್‌ಗಳ ಆತ್ಮಶಕ್ತಿಯನ್ನು ಹೀರಿಕೊಳ್ಳಬಲ್ಲ ‘ಡ್ರ್ಯಾಗನ್‌ಬಾರ್ನ್’ ತಾನೇ ಎಂಬುದು ಅವನಿಗೆ ಬಳಿಕ ತಿಳಿಯುತ್ತದೆ.

ಪಾತ್ರಕ್ಕೆ ಹತ್ತು ಕುಲಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಖಡ್ಗವಿದ್ಯೆ, ಬಿಲ್ವಿದ್ಯೆ, ಮಂತ್ರವಿದ್ಯೆ, ಕಮ್ಮಾರಿಕೆ, ಕಳ್ಳತನ ಸೇರಿದಂತೆ ಒಟ್ಟು 18 ಕೌಶಲಗಳಿವೆ. ಯಾವುದನ್ನು ಹೆಚ್ಚು ಬಳಸುತ್ತಾರೋ ಅದೇ ಬೆಳೆಯುತ್ತದೆ. ಮೊದಲೇ ವೃತ್ತಿಯೊಂದನ್ನು ಆರಿಸಿಕೊಂಡು ಅದಕ್ಕೆ ಕಟ್ಟುಬೀಳುವ ಅಗತ್ಯವಿಲ್ಲದ ಕಾರಣ, ಈ ಬಗೆಯ ಆಟವನ್ನು ಹಿಂದೆಂದೂ ಆಡದವರಿಗೂ ಕಲಿಕೆ ಸುಲಭ.

ಹೆಚ್ಚುಗಾರಿಕೆ ಎಲ್ಲಿದೆ?

ಸ್ಕೈರಿಮ್‌ನ ನಿಜವಾದ ಬಂಡವಾಳ ಅಲೆದಾಟ. ಒಂದು ಊರಿಗೆಂದು ಹೊರಟವನಿಗೆ ದಾರಿಯಲ್ಲಿ ಪಾಳುಕೋಟೆ ಕಾಣುತ್ತದೆ. ಒಳಗೆ ಹೋದರೆ ಸತ್ತವನೊಬ್ಬನ ದಿನಚರಿ ಸಿಗುತ್ತದೆ. ಅದನ್ನು ಓದಿದರೆ ಇನ್ನೊಂದು ಗುಹೆಯ ಸುಳಿವು ದೊರೆಯುತ್ತದೆ. ಮೂರು ಗಂಟೆ ಕಳೆದ ಮೇಲೂ ಮೊದಲು ಹೊರಟ ಊರು ತಲುಪಿರುವುದಿಲ್ಲ. ಅಭಿಮಾನಿಗಳು ಈ ಆಟವನ್ನು ಮತ್ತೆ ಮತ್ತೆ ಆಡುವುದು ಈ ಅನುಭವಕ್ಕಾಗಿಯೇ.

ಜೆರೆಮಿ ಸೌಲ್ ಅವರ ಸಂಗೀತ, ಮ್ಯಾಕ್ಸ್ ವಾನ್ ಸಿಡೊ, ಕ್ರಿಸ್ಟೊಫರ್ ಪ್ಲಮರ್ ಅವರಂಥ ಹಿರಿಯ ನಟರ ಧ್ವನಿ ಈ ಲೋಕಕ್ಕೆ ತೂಕ ತಂದಿವೆ. ಆಟದೊಳಗೆ ಓದಬಹುದಾದ ನೂರಾರು ಪುಸ್ತಕಗಳಿವೆ. ವಿಮರ್ಶೆಗಳ ಸರಾಸರಿ ಅಂಕ ನೀಡುವ ಮೆಟಾಕ್ರಿಟಿಕ್‌ನಲ್ಲಿ ಮೂಲ ಆಟದ ಎಕ್ಸ್‌ಬಾಕ್ಸ್ 360 ಆವೃತ್ತಿಗೆ 96, ಕಂಪ್ಯೂಟರ್ ಆವೃತ್ತಿಗೆ 94 ಅಂಕ ದೊರೆತಿದ್ದವು.

ಕೊರತೆಗಳೇನು?

ಅಂಕಗಳನ್ನಷ್ಟೇ ನೋಡಿ ಕೊಂಡವರಿಗೆ ನಿರಾಸೆಯಾಗುವ ಸಾಧ್ಯತೆಯೂ ಇದೆ. ಮೊದಲನೆಯದಾಗಿ, ಕಾಳಗ ಸಪ್ಪೆ. ಕತ್ತಿ ಬೀಸಿದರೆ ಅದು ತಗುಲಿದ ಅನುಭವವೇ ಆಗದು. ಇತ್ತೀಚಿನ ಆಟಗಳನ್ನು ಆಡಿದವರಿಗೆ ಈ ಕೊರತೆ ಮೊದಲ ಗಂಟೆಯಲ್ಲಿಯೇ ಕಾಣುತ್ತದೆ.

ಎರಡನೆಯದಾಗಿ, ಆಟಗಾರನ ತೀರ್ಮಾನಗಳಿಗೆ ಪರಿಣಾಮ ಕಡಿಮೆ. ಅಂತರ್ಯುದ್ಧದಲ್ಲಿ ಯಾವ ಪಕ್ಷ ಗೆದ್ದರೂ ನಾಡಿನ ನಿತ್ಯಜೀವನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಮಂತ್ರವಿದ್ಯೆಯಲ್ಲಿ ಹೆಚ್ಚಿನ ಪರಿಣತಿಯಿಲ್ಲದೆಯೇ ಮಾಂತ್ರಿಕರ ವಿದ್ಯಾಲಯದ ಮುಖ್ಯಸ್ಥನಾಗಬಹುದು.

ಮೂರನೆಯದು ಪುನರಾವರ್ತನೆ. ‘ರೇಡಿಯಂಟ್’ ಎಂಬ ವ್ಯವಸ್ಥೆ ತಾನಾಗಿ ಹೊಸ ಕೆಲಸಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಇವು ಎಂದೂ ಮುಗಿಯವು. ಆದರೆ ಇಂಥ ಗುಹೆಗೆ ಹೋಗಿ ಇಂಥ ವಸ್ತು ತಾ ಎಂಬುದರಾಚೆ ಅವುಗಳಲ್ಲಿ ಹುರುಳಿಲ್ಲ. ಎದ್ದು ಬರುವ ಹೆಣಗಳು ತುಂಬಿದ ಪುರಾತನ ಸಮಾಧಿಗಳೂ ಹತ್ತಾರು ಕಂಡ ಮೇಲೆ ಒಂದೇ ರೀತಿ ಎನಿಸುತ್ತವೆ.

ನಾಲ್ಕನೆಯದು ತಾಂತ್ರಿಕ ದೋಷ. 2011ರ ನವೆಂಬರ್‌ನಲ್ಲಿ ಬಂದ ಪರಿಷ್ಕರಣೆಯೊಂದರ ಬಳಿಕ ಡ್ರ್ಯಾಗನ್‌ಗಳು ಹಿಮ್ಮುಖವಾಗಿ ಹಾರತೊಡಗಿದ್ದವು. ಪ್ಲೇಸ್ಟೇಷನ್ 3ರಲ್ಲಿ ಸೇವ್ ಕಡತ ದೊಡ್ಡದಾದಂತೆಲ್ಲ ಆಟ ತೆವಳುತ್ತಿತ್ತು. ಇವು ಸರಿಯಾಗಿವೆಯಾದರೂ ಸಣ್ಣಪುಟ್ಟ ದೋಷಗಳು ಇಂದಿಗೂ ಉಳಿದಿವೆ. ಆಗಾಗ ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳುವ ಅಭ್ಯಾಸ ಒಳ್ಳೆಯದು.

ಮೂರು ಆವೃತ್ತಿಗಳು

ಮೂಲ ಆವೃತ್ತಿ (2011): ಇದು 32 ಬಿಟ್ ತಂತ್ರಾಂಶ. ‘ಡಾನ್‌ಗಾರ್ಡ್’, ‘ಹಾರ್ತ್‌ಫೈರ್’, ‘ಡ್ರ್ಯಾಗನ್‌ಬಾರ್ನ್’ ಎಂಬ ಮೂರು ವಿಸ್ತರಣೆಗಳು 2012ರಲ್ಲಿ ಪ್ರತ್ಯೇಕವಾಗಿ ಬಂದವು. ಹೊಸಬರು ಇದನ್ನು ಕೊಳ್ಳಲು ಕಾರಣವಿಲ್ಲ.

ಸ್ಪೆಷಲ್ ಎಡಿಷನ್ (2016): ಇದು 64 ಬಿಟ್ ಆವೃತ್ತಿ. ಮೂರೂ ವಿಸ್ತರಣೆಗಳು ಇದರಲ್ಲಿಯೇ ಸೇರಿವೆ. ದೃಶ್ಯಗಳು ಸುಧಾರಿಸಿವೆ, ಆಟ ನಡುವೆ ಸ್ಥಗಿತಗೊಳ್ಳುವುದೂ ಕಡಿಮೆ. ಮೊದಲ ಬಾರಿ ಕೊಳ್ಳುವವರಿಗೆ ಇಷ್ಟು ಸಾಕು.

ಆ್ಯನಿವರ್ಸರಿ ಎಡಿಷನ್ (2021): ಸ್ಪೆಷಲ್ ಎಡಿಷನ್‌ಗೆ 70ಕ್ಕೂ ಹೆಚ್ಚು ಸೇರ್ಪಡೆಗಳನ್ನು ಕೂಡಿಸಿದ ಕಟ್ಟು ಇದು. ಹೊಸ ಆಯುಧ, ಕವಚ, ಮನೆ, ಸಾಕುಪ್ರಾಣಿ, ಕಿರುಕಥೆಗಳಿವೆ. ಮೀನು ಹಿಡಿಯುವ ಸೌಲಭ್ಯ, ಹಸಿವು-ಚಳಿಗಳ ಲೆಕ್ಕವಿಡುವ ‘ಸರ್ವೈವಲ್’ ವಿಧಾನ ಸೇರಿದಂತೆ ನಾಲ್ಕು ಸೇರ್ಪಡೆಗಳು ಸ್ಪೆಷಲ್ ಎಡಿಷನ್ ಉಳ್ಳವರಿಗೂ ಉಚಿತವಾಗಿ ದೊರೆತಿವೆ. ಉಳಿದವು ಬೇಕೆನಿಸಿದರೆ ಮುಂದೆ ಪ್ರತ್ಯೇಕವಾಗಿ ಹಣ ಕೊಟ್ಟು ಮೇಲ್ದರ್ಜೆಗೆ ಏರಬಹುದು. ಆದ್ದರಿಂದ ಆರಂಭದಲ್ಲಿಯೇ ಹೆಚ್ಚು ಹಣ ಹಾಕುವ ಅಗತ್ಯವಿಲ್ಲ.

‘ಮಾಡ್’ಗಳ ಲೋಕ

ಅಭಿಮಾನಿಗಳು ಸ್ವತಃ ತಯಾರಿಸಿ ಹಂಚುವ ಮಾರ್ಪಾಡುಗಳಿಗೆ ‘ಮಾಡ್’ ಎನ್ನುತ್ತಾರೆ. ಸ್ಕೈರಿಮ್ ಇಷ್ಟು ಕಾಲ ಬಾಳಲು ಇವು ದೊಡ್ಡ ಕಾರಣ. 2012ರ ಫೆಬ್ರುವರಿಯಲ್ಲಿ ಬೆಥೆಸ್ಡಾ ತನ್ನ ‘ಕ್ರಿಯೇಷನ್ ಕಿಟ್’ ಎಂಬ ಸಾಧನವನ್ನು ಉಚಿತವಾಗಿ ನೀಡಿತು. ಅಲ್ಲಿಂದೀಚೆಗೆ ದೋಷ ತಿದ್ದುವ ಸಣ್ಣ ಕಡತಗಳಿಂದ ಹಿಡಿದು ಹೊಸ ಆಟವೇ ಎನ್ನಬಹುದಾದ ನಿರ್ಮಾಣಗಳವರೆಗೆ ಎಲ್ಲವೂ ಬಂದಿವೆ. ಜರ್ಮನಿಯ ಹವ್ಯಾಸಿ ತಂಡ ಶ್ಯೂರ್‌ಎಐ 2016ರಲ್ಲಿ ಹೊರತಂದ ‘ಎಂಡೆರಾಲ್’ ಸ್ವಂತ ಭೂಪ್ರದೇಶ, ಸ್ವಂತ ಕಥೆ ಉಳ್ಳದ್ದು. ಸ್ಕೈರಿಮ್ ಉಳ್ಳವರಿಗೆ ಉಚಿತ. ಆಸ್ಟ್ರೇಲಿಯದಲ್ಲಿ 2015ರಲ್ಲಿ ಮಾಡ್ ಆಗಿ ಹುಟ್ಟಿದ ‘ದಿ ಫರ್ಗಾಟನ್ ಸಿಟಿ’ 2021ರಲ್ಲಿ ಸ್ವತಂತ್ರ ಆಟವಾಗಿಯೇ ಬಿಡುಗಡೆಯಾಯಿತು.

ಮಾಡ್‌ಗಳಿಗೆ ಹಣ ಪಡೆಯುವ ಯೋಜನೆಯೊಂದು 2015ರ ಏಪ್ರಿಲ್‌ನಲ್ಲಿ ಸ್ಟೀಮ್ ಮಳಿಗೆಯಲ್ಲಿ ಆರಂಭವಾಗಿ, ಆಟಗಾರರ ತೀವ್ರ ವಿರೋಧದಿಂದ ಕೆಲವೇ ದಿನಗಳಲ್ಲಿ ರದ್ದಾಯಿತು. ಇಂದಿಗೂ ಬಹುಪಾಲು ಮಾಡ್‌ಗಳು ಉಚಿತ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಸಂಸ್ಥೆ ಮೂಲ ಆಟವನ್ನು ಪರಿಷ್ಕರಿಸಿದಾಗ ಅನೇಕ ಮಾಡ್‌ಗಳು ಕೆಲಸ ನಿಲ್ಲಿಸುತ್ತವೆ. 2021 ಮತ್ತು 2023ರ ಪರಿಷ್ಕರಣೆಗಳ ನಂತರ ಹೀಗೆಯೇ ಆಗಿತ್ತು. ಪ್ಲೇಸ್ಟೇಷನ್‌ನಲ್ಲಿ ಹೊರಗಿನ ಚಿತ್ರ, ಧ್ವನಿಗಳನ್ನು ಸೇರಿಸಲು ಅವಕಾಶವಿಲ್ಲದ್ದರಿಂದ ಮಾಡ್‌ಗಳ ಆಯ್ಕೆ ಬಹಳ ಸೀಮಿತ. ಮಾಡ್‌ಗಳಿಗಾಗಿಯೇ ಆಟ ಕೊಳ್ಳುವವರು ಕಂಪ್ಯೂಟರ್ ಆವೃತ್ತಿಯನ್ನೇ ಆರಿಸಬೇಕು.

ನಿಮ್ಮ ಕಂಪ್ಯೂಟರ್‌ನಲ್ಲಿ ನಡೆಯುವುದೇ?

ಸ್ಪೆಷಲ್ ಎಡಿಷನ್‌ಗೆ ಕನಿಷ್ಠ 64 ಬಿಟ್ ವಿಂಡೋಸ್, 8 ಜಿಬಿ ರ‍್ಯಾಮ್, 12 ಜಿಬಿ ಖಾಲಿ ಜಾಗ, ಎನ್‌ವಿಡಿಯಾ ಜಿಟಿಎಕ್ಸ್ 470 ಅಥವಾ ಎಎಂಡಿ ರೇಡಿಯಾನ್ ಎಚ್‌ಡಿ 7870 ಮಟ್ಟದ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ತಯಾರಕರು ಸೂಚಿಸಿದ್ದಾರೆ. ಇಂದಿನ ಆಟಗಳಿಗೆ ಹೋಲಿಸಿದರೆ ಇದು ಅತ್ಯಲ್ಪ. ಇದೇ ಸರಣಿಯ ನಾಲ್ಕನೆಯ ಆಟವಾದ ‘ಒಬ್ಲಿವಿಯನ್’ನ 2025ರ ನವೀಕೃತ ಆವೃತ್ತಿಗೆ ಜಾಗವೇ 125 ಜಿಬಿ ಬೇಕು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಲ್ಯಾಪ್‌ಟಾಪ್ ಉಳ್ಳವರು ಕೊಂಡ ತಕ್ಷಣ ಪರೀಕ್ಷಿಸಿ ನೋಡುವುದು ಕ್ಷೇಮ. ಆಟಕ್ಕಾಗಿ ಹೊಸ ಯಂತ್ರವನ್ನೇ ಕೊಳ್ಳಬೇಕಾದ ಸ್ಥಿತಿಯಿದ್ದರೆ ಈ ಆಟದ ಲೆಕ್ಕಾಚಾರವೇ ಬದಲಾಗುತ್ತದೆ.

ಭಾಷೆ ಮತ್ತು ವಯಸ್ಸು

ಆಟ ಇಂಗ್ಲಿಷ್ ಸೇರಿದಂತೆ ಹಲವು ವಿದೇಶಿ ಭಾಷೆಗಳಲ್ಲಿದೆ. ಕನ್ನಡದಲ್ಲಾಗಲಿ ಬೇರೆ ಭಾರತೀಯ ಭಾಷೆಗಳಲ್ಲಾಗಲಿ ಅಧಿಕೃತ ಆವೃತ್ತಿ ಇಲ್ಲ. ಸಂಭಾಷಣೆ, ಪತ್ರ, ಪುಸ್ತಕಗಳನ್ನು ಬಿಟ್ಟು ಆಡಿದರೆ ಆಟದ ಅರ್ಧ ಸವಿ ಹೋದಂತೆ. ಇಂಗ್ಲಿಷ್ ಓದಲು ಬೇಸರಪಡುವವರು ಇದನ್ನು ಗಮನಿಸಬೇಕು.

ಅಮೆರಿಕದ ಇಎಸ್‌ಆರ್‌ಬಿ ಸಂಸ್ಥೆ ಈ ಆಟಕ್ಕೆ ‘ಎಂ’ ದರ್ಜೆ ನೀಡಿದೆ. ಅಂದರೆ 17 ವರ್ಷ ಮೇಲ್ಪಟ್ಟವರಿಗೆ ಮಾತ್ರ. ರಕ್ತಪಾತ, ಶಿರಚ್ಛೇದದ ದೃಶ್ಯಗಳಿವೆ. ಮಕ್ಕಳ ಒತ್ತಾಯಕ್ಕೆ ಮಣಿದು ಕೊಡಿಸುವ ಪಾಲಕರಿಗೆ ಇದು ತಿಳಿದಿರಬೇಕು.

ಗಂಟೆಗಳ ಲೆಕ್ಕ

ಮುಖ್ಯ ಕಥೆಯನ್ನಷ್ಟೇ ಹಿಡಿದು ಹೋದರೆ ಮುಗಿಸಲು 30 ಗಂಟೆಗೂ ಹೆಚ್ಚು ಬೇಕು. ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ 200 ಗಂಟೆ ದಾಟುತ್ತದೆ. ಕೆಲಸ ಮುಗಿಸಿ ಮನೆ ಸೇರಿ, ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಳ್ಳುವವರಿಗೆ ಮುಖ್ಯ ಕಥೆಗೇ ಒಂದು ತಿಂಗಳು, ಪೂರ್ಣ ಆಟಕ್ಕೆ ಆರು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ.

ಬೆಲೆಯನ್ನು ಗಂಟೆಗಳಿಂದ ಭಾಗಿಸಿ ‘ಎಷ್ಟು ಅಗ್ಗ’ ಎನ್ನುವ ವಾದ ಆಟಗಾರರಲ್ಲಿ ಸಾಮಾನ್ಯ. ಹತ್ತು ಗಂಟೆಗೆ ಬೇಸತ್ತು ಬಿಟ್ಟವರಿಗೆ ಉಳಿದ 190 ಗಂಟೆಗಳಿಂದ ಬಂದ ಲಾಭವೇನೂ ಇಲ್ಲ. ಪರೀಕ್ಷೆಯ ವರ್ಷ ಓದಿನ ಸಮಯವನ್ನು ಆಟಕ್ಕೆ ತೆತ್ತ ವಿದ್ಯಾರ್ಥಿಗಂತೂ ಅದು ಅಗ್ಗವಲ್ಲ. ಗುರಿಯನ್ನು ತಾನೇ ಹಾಕಿಕೊಂಡು ನಿಧಾನವಾಗಿ ಅಲೆಯುವ ಸ್ವಭಾವದವರಿಗೆ ಈ ಆಟ ಒಗ್ಗುತ್ತದೆ. ಮುಂದೇನು ಮಾಡಬೇಕೆಂದು ಆಟವೇ ಹೇಳಬೇಕು ಎನ್ನುವವರಿಗೆ ಒಗ್ಗದು.

ಗಟ್ಟಿ ಕಥೆ, ತೀರ್ಮಾನಗಳಿಗೆ ತಕ್ಕ ಪರಿಣಾಮ ಬಯಸುವವರಿಗೆ ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ‘ದಿ ವಿಚರ್ 3’ (2015) ಉತ್ತಮ. ಕಠಿಣ ಕಾಳಗದ ಸವಾಲು ಬೇಕೆನ್ನುವವರಿಗೆ ಜಪಾನ್‌ನ ಫ್ರಮ್‌ಸಾಫ್ಟ್‌ವೇರ್‌ನ ‘ಎಲ್ಡೆನ್ ರಿಂಗ್’ (2022) ಇದೆ.

ಕೊಳ್ಳುವ ವಿಧಾನ

ಸ್ಟೀಮ್ ಮಳಿಗೆಯಲ್ಲಿ ಭಾರತೀಯರಿಗೆ 2015ರಿಂದ ರೂಪಾಯಿ ಲೆಕ್ಕದಲ್ಲಿ ಬೆಲೆ ನಿಗದಿಯಾಗುತ್ತಿದೆ. ಸ್ಪೆಷಲ್ ಎಡಿಷನ್ ಹಲವು ಬಾರಿ ಮುಕ್ಕಾಲು ಪಾಲು ರಿಯಾಯಿತಿಗೆ ದೊರೆತಿದೆ. ಬೇಸಿಗೆ ಮತ್ತು ವರ್ಷಾಂತ್ಯದ ಮಾರಾಟಗಳಿಗೆ ಕಾಯುವುದು ಜಾಣತನ. ಪೂರ್ಣ ಬೆಲೆ ತೆರುವ ಆತುರ ಬೇಡ.

ಕೊಂಡ 14 ದಿನಗಳೊಳಗೆ, ಆಡಿದ ಅವಧಿ 2 ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಪಾತ್ರದ ಮುಖ ತಿದ್ದುತ್ತ ಕುಳಿತ ಸಮಯವೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು. ಆರಂಭದ ಊರಿನಿಂದ ಪಾರಾಗಿ, ಗುಹೆ ದಾಟಿ ಹೊರಬರಲು ಅರ್ಧ ಗಂಟೆ ಹಿಡಿಯಬಹುದು. ಉಳಿದ ಅವಧಿಯಲ್ಲಿ ಮುಖ್ಯ ಕಥೆಯನ್ನು ಬದಿಗಿಟ್ಟು ಯಾವುದಾದರೊಂದು ದಾರಿ ಹಿಡಿದು ನಡೆಯುವುದು ಒಳ್ಳೆಯ ಪರೀಕ್ಷೆ. ಮುಂದಿನ ಗುಡ್ಡದಾಚೆ ಏನಿದೆ ಎಂಬ ಕುತೂಹಲ ಹುಟ್ಟಿದರೆ ಆಟವನ್ನು ಇಟ್ಟುಕೊಳ್ಳಬಹುದು. ಹುಟ್ಟದಿದ್ದರೆ ಹಣ ಹಿಂಪಡೆಯಬಹುದು.

ಸ್ಟೀಮ್‌ನಲ್ಲಿ ಕೊಳ್ಳುವುದು ಬಳಕೆಯ ಪರವಾನಗಿಯನ್ನು ಮಾತ್ರ. 2024ರ ಅಕ್ಟೋಬರ್‌ನಿಂದ ಆ ಮಳಿಗೆಯೇ ಪಾವತಿ ಪುಟದಲ್ಲಿ ಹೀಗೆಂದು ಸೂಚಿಸುತ್ತಿದೆ. ಪ್ರತಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬಯಸುವವರಿಗೆ ನಕಲು ತಡೆ ಬೀಗವಿಲ್ಲದ ಆವೃತ್ತಿ 2022ರಿಂದ ಜಿಒಜಿ ಮಳಿಗೆಯಲ್ಲಿ ದೊರೆಯುತ್ತಿದೆ.

ಒಟ್ಟಾರೆ

ಈ ಬಗೆಯ ಆಟವನ್ನು ಮೊದಲ ಬಾರಿ ಆಡುವವರು, ಸಾಧಾರಣ ಕಂಪ್ಯೂಟರ್ ಉಳ್ಳವರು, ದಿನದಲ್ಲಿ ಸ್ವಲ್ಪವಾದರೂ ನಿಶ್ಚಿಂತೆಯ ಬಿಡುವು ಇರುವವರು ಸ್ಪೆಷಲ್ ಎಡಿಷನ್ ಅನ್ನು ರಿಯಾಯಿತಿಯಲ್ಲಿ ಕೊಳ್ಳಬಹುದು. ಈಗಾಗಲೇ ಒಂದು ಆವೃತ್ತಿ ಉಳ್ಳವರು ಹೊಸ ಹೆಸರಿಗೆ ಮರುಳಾಗಿ ಮತ್ತೆ ಹಣ ಹಾಕುವ ಮುನ್ನ ಹಳೆಯದನ್ನು ಎಷ್ಟು ಆಡಿದ್ದೇವೆಂದು ನೋಡಿಕೊಳ್ಳುವುದು ಲೇಸು. ಬಿಡುವೇ ಇಲ್ಲದವರು ಅವಸರಪಡಬೇಕಿಲ್ಲ. ಹದಿನಾಲ್ಕಕ್ಕೂ ಹೆಚ್ಚು ವರ್ಷ ಮಾರುಕಟ್ಟೆಯಲ್ಲಿ ನಿಂತಿರುವ ಆಟ ಮುಂದಿನ ರಜೆಯವರೆಗೂ ಅಲ್ಲಿಯೇ ಇರುತ್ತದೆ. ಬೆಲೆಯೂ ಇನ್ನಷ್ಟು ಇಳಿದಿರಬಹುದು.