ಪದ ಪರಿಚಯ: ಪರದೇಶಿ

ಸಂಸ್ಕೃತದ ‘ಪರ’, ‘ದೇಶ’ ಸೇರಿ ಹುಟ್ಟಿದ ಮಾತು. ಮೂಲದಲ್ಲಿ ಬೇರೆ ನಾಡಿನವನು ಎಂದಷ್ಟೇ ಅರ್ಥ. ಕನ್ನಡದಲ್ಲಿ ದಿಕ್ಕಿಲ್ಲದವನು ಎಂದಾಯಿತು, ತಮಿಳಿನಲ್ಲಿ ತಿರುಕ ಎಂದೂ ಆಯಿತು. ತಮಿಳು, ತೆಲುಗು ಬೆರೆತ ಕೋಲಾರದ ಸೀಮೆಗೆ ಎರಡೂ ಅರ್ಥ ಗೊತ್ತು. ‘ಪಾಪ, ಪರದೇಶಿ’ ಎಂದು ಮುದ್ದೆ ಇಡುವವರೂ ಉಂಟು, ‘ಏಳೋ ಪರದೇಶಿ’ ಎಂದು ಅಂಗಡಿ ಜಗಲಿಯಿಂದ ಎಬ್ಬಿಸುವವರೂ ಉಂಟು. ಮಾಲೂರಿನ ಇಟ್ಟಿಗೆ ಗೂಡಿಗೆ, ಶ್ರೀನಿವಾಸಪುರದ ಮಾವಿನ ಮಂಡಿಗೆ ಕೂಲಿ ಅರಸಿ ಬಂದವರು ಕಾಯಿಲೆ ಬಿದ್ದರೆ, ಹಲವರಿಗೆ ಬಸ್ ನಿಲ್ದಾಣವೇ ಗತಿ. ಸರ್ಕಾರಿ ಕಡತದ ‘ನಿರಾಶ್ರಿತ’, ‘ವಸತಿರಹಿತ’ ಪದಗಳು ಇಲ್ಲದ ಸೂರನ್ನಷ್ಟೇ ಹೇಳುತ್ತವೆ. ನನಗೆ ‘ಪರದೇಶಿ’ಯೇ ಹತ್ತಿರ: ಈ ಮನುಷ್ಯನಿಗೂ ಎಲ್ಲೋ ಒಂದು ಊರಿತ್ತು ಎಂಬುದು ಅದರೊಳಗಿದೆ. 2011ರ ಜನಗಣತಿಯಲ್ಲಿ ಇಂಥವರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ, ಮಲಗಿದ್ದಲ್ಲೇ.