ಡರಮ್ ನಗರದ ಹೊರರೂಪ: ಒಂದು ಐತಿಹಾಸಿಕ ಪರಿಶೀಲನೆ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ವಿಯರ್ ನದಿಯು ಕಡಿದಾದ ಬಂಡೆಗುಡ್ಡವೊಂದನ್ನು ಮೂರು ಕಡೆಗಳಿಂದ ಬಳಸಿ ಹರಿಯುತ್ತದೆ. ಅದರ ನೆತ್ತಿಯಲ್ಲಿ ಕೆಥೆಡ್ರಲ್ ಎಂಬ ಬಿಷಪ್ ಪೀಠದ ಮಹಾದೇವಾಲಯವೂ ಕೋಟೆಯೂ ಇವೆ; ಕೆಳಗೆ ನೀರಿನವರೆಗೂ ದಟ್ಟವಾದ ಮರಗಳಿವೆ. ಈ ನೋಟವನ್ನು ಕಂಡವರು ಮಧ್ಯಯುಗವೇ ಕೆಡದೆ ಉಳಿದುಬಂದಿದೆಯೆಂದು ಭಾವಿಸುವುದು ಸಹಜ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಸಂತ ಕತ್‌ಬರ್ಟನ ದೇಹವನ್ನು ಹೊತ್ತ ಸಮುದಾಯವು 995ರಲ್ಲಿ ಇಲ್ಲಿ ನೆಲೆಸಿತು. ಆಗ ಈ ಸ್ಥಳವು ಕಾಡಿನಿಂದ ಮುಚ್ಚಿತ್ತೆಂದು 12ನೆಯ ಶತಮಾನದ ಆದಿಯಲ್ಲಿದ್ದ ಚರಿತ್ರಕಾರ ಸೈಮಿಯನ್ ಬರೆದಿದ್ದಾನೆ. 1072ರಲ್ಲಿ ನಾರ್ಮನರು ಕೋಟೆಗೆ ಅಸ್ತಿಭಾರ ಹಾಕಿದರು; 1093ರಲ್ಲಿ ಆರಂಭವಾದ ದೇವಾಲಯವು 1133ರ ವೇಳೆಗೆ ಬಹುಮಟ್ಟಿಗೆ ಮುಗಿಯಿತು. ಇವೆರಡರ ನಡುವೆ ಇದ್ದ ಮನೆಗಳನ್ನು ಬಿಷಪ್ ಫ್ಲ್ಯಾಂಬರ್ಡನು ಬೆಂಕಿಯ ಮತ್ತು ಕೊಳಕಿನ ಭಯದಿಂದ ತೆಗೆಯಿಸಿದನು. ಸ್ಕಾಟರ ದಾಳಿಗೆ ಈಡಾಗಬಹುದಾದ ಗಡಿಪ್ರದೇಶದಲ್ಲಿ ಮರಗಳು ಶತ್ರುವಿಗೆ ಮರೆಯಾಗುತ್ತವೆ. ಆದುದರಿಂದ ಇಳಿಜಾರು ಬೋಳಾಗಿಯೇ ಇರಬೇಕಾಯಿತು. ಎಂದರೆ ಮಧ್ಯಯುಗದ ಡರಮ್ ಹಸುರಿನ ನಡುವಣ ಪುಣ್ಯಕ್ಷೇತ್ರವಾಗಿ ಕಾಣುತ್ತಿರಲಿಲ್ಲ; ಬತ್ತಲೆ ಬಂಡೆಯ ಮೇಲಣ ದುರ್ಗವಾಗಿ ಕಾಣುತ್ತಿತ್ತು.

1603ರಲ್ಲಿ ಎರಡು ರಾಜ್ಯಗಳ ಕಿರೀಟಗಳೂ ಒಬ್ಬನ ತಲೆಯನ್ನೇರಿದ ಮೇಲೆ ಗಡಿಯ ಭಯವು ಕ್ರಮೇಣ ಕುಗ್ಗಿತು. 18ನೆಯ ಶತಮಾನದಲ್ಲಿ ದಡಗಳಲ್ಲಿ ಮರಗಳನ್ನು ನೆಟ್ಟು ವಿಹಾರಪಥಗಳನ್ನು ನಿರ್ಮಿಸಲಾಯಿತು. 1771ರ ಮಹಾಪ್ರವಾಹವು ಹಳೆಯ ಸೇತುವೆಯೊಂದನ್ನು ಕೊಚ್ಚಿಕೊಂಡುಹೋದುದರಿಂದ, ಅದರ ಬದಲಿಗೆ ಪ್ರೆಬೆಂಡ್ಸ್ ಸೇತುವೆ 1778ರ ವೇಳೆಗೆ ಸಿದ್ಧವಾಯಿತು. ಚಿತ್ರಕಾರರು ಮೆಚ್ಚಿದ ನೋಟವು ಇಲ್ಲಿಂದ ಕಾಣುವಂತಹುದೇ ಆಗಿದೆ.

ಕಟ್ಟಡಗಳೂ ಬದಲಾಗದೆ ಉಳಿಯಲಿಲ್ಲ. ಸಿಡಿಲಿನಿಂದ ಹಾನಿಗೊಂಡ ನಡುಗೋಪುರವನ್ನು 15ನೆಯ ಶತಮಾನದಲ್ಲಿ ಮತ್ತೆ ಕಟ್ಟಲಾಯಿತು. ಪಶ್ಚಿಮದ ಜೋಡಿಗೋಪುರಗಳ ಶಿಖರಗಳು 17ನೆಯ ಶತಮಾನದಲ್ಲಿ ಇಲ್ಲವಾದುವು. 18ನೆಯ ಶತಮಾನದ ಕೊನೆಯಲ್ಲಿ ಹೊರಗೋಡೆಗಳ ಶಿಥಿಲವಾದ ಕಲ್ಲಿನ ಮೇಲ್ಪದರವನ್ನು ಕೆತ್ತಿಹಾಕಿದರು. ಕೋಟೆಯ ಎಂಟು ಮುಖಗಳ ಗೋಪುರವಂತೂ 1832ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ವಸತಿಗಾಗಿ 1840ರ ಸುಮಾರಿಗೆ ಹೊಸದಾಗಿ ಕಟ್ಟಲ್ಪಟ್ಟುದು.

1986ರಲ್ಲಿ ಈ ದೇವಾಲಯ ಮತ್ತು ಕೋಟೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ದೇವಾಲಯದ ಒಳಗಣ ಕಂಬಗಳೂ ಪಕ್ಕೆಲುಬಿನಂತಹ ಕಮಾನುಗಳುಳ್ಳ ಛಾವಣಿಯೂ ನಿಜವಾಗಿಯೇ ನಾರ್ಮನ್ ಯುಗದವು. ಆದರೆ ಅವುಗಳನ್ನು ಸುತ್ತುವರಿದ ಹಸುರು, ಯುದ್ಧಭಯ ನೀಗಿದ ಮುಂದಿನ ಕಾಲದ ಕೊಡುಗೆ. ನಗರದ ಮುಖವೂ ಒಂದು ಚಾರಿತ್ರಿಕ ದಾಖಲೆಯೇ. ಆದರೆ ಅದು ಒಂದೇ ಕೈಯ ಬರಹವಲ್ಲ; ಯಾವ ಸಾಲನ್ನು ಯಾವ ಕಾಲ ಬರೆಯಿತೆಂದು ವಿಂಗಡಿಸದೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ.